ಉಪ್ಪಿಲ್ಲದ ಗಂಟು

ಮರಗಳ ಎಲೆ ಉದುರಲು ಶುರುವಾಯಿತೆಂದರೆ ನನ್ನ ಹೆಂಡತಿ ಕುಂಬಳಕಾಯಿ ಬೇಯಿಸಿ, ಹಿಟ್ಟಿಗೆ ಕಲಸಿ, ಪ್ರೆಟ್ಜೆಲ್ ಎಂಬ ಗಂಟಿನಾಕಾರದ ಮೆತ್ತನೆಯ ಬ್ರೆಡ್ಡು ಮಾಡುತ್ತಿದ್ದಳು. ಹಿಟ್ಟನ್ನು ಹಗ್ಗದಂತೆ ಹೊಸೆದು ಗಂಟು ಹಾಕುವ ಕೆಲಸ ನನ್ನದು. ನಾನು ದರ್ಜಿ. ಊರೆಲ್ಲ ಮೆಚ್ಚಿದ ನನ್ನ ಕೈಯನ್ನು ಅವಳೊಬ್ಬಳು ಮೂವತ್ತು ವರ್ಷ ಒಪ್ಪಲಿಲ್ಲ. "ಇದೇನ್ರೀ, ಹಸು ಕಟ್ಟೋಕೆ ಹಾಕಿದ್ರಾ?" ಎಂದು ಬಿಚ್ಚಿ ಮತ್ತೆ ಹಾಕಿಸುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಈ ಸಲ ಅವಳು ಹಾಸಿಗೆ ಹಿಡಿದಿದ್ದಾಳೆ. ವಾರದಿಂದ ಬೈಗುಳವಿಲ್ಲ, ಕೊಂಕಿಲ್ಲ. ಡಾಕ್ಟರು ಹೇಳಿದ್ದಕ್ಕಿಂತ ಹೆಚ್ಚಾಗಿ ಆ ಮೌನಕ್ಕೇ ನಾನು ಹೆದರಿದ್ದೆ. ಹೇಗಾದರೂ ಅವಳನ್ನು ಕೆರಳಿಸಬೇಕೆಂದು ನಾನೇ ಹಿಟ್ಟು ಕಲಸಿದೆ. ಚಿಟಿಕೆ ಉಪ್ಪೂ ಹಾಕಲಿಲ್ಲ. ಓವನ್ನಿಗೆ ಇಡುವ ಮುಂಚೆ ಕುದಿಯುವ ಸೋಡಾ ನೀರಿನಲ್ಲಿ ಅದ್ದಿದರೆ ತಾನೇ ಕೆಂಪಗಾಗುವುದು, ಬೇಕೆಂದೇ ಅದ್ದಲಿಲ್ಲ. ಗಂಟುಗಳನ್ನಂತೂ ಮಕ್ಕಳೂ ನಗುವ ಹಾಗೆ ಹಾಕಿದೆ.

ಬೆಂದು ಬಂದವು ಬಿಳಚಿಕೊಂಡಿದ್ದವು. ಒಂದನ್ನು ತಟ್ಟೆಯಲ್ಲಿಟ್ಟು ಅವಳ ಮುಂದೆ ಹಿಡಿದೆ. ಬೈಸಿಕೊಳ್ಳಲು ಸಿದ್ಧನಾಗಿ ಕೂತೆ.

ಅವಳು ಚೂರು ಮುರಿದು ಬಾಯಿಗಿಟ್ಟು ನಿಧಾನವಾಗಿ ಅಗಿದಳು.

"ಸರಿಯಾಗಿ ನೋಡೇ," ಎಂದೆ. "ಗಂಟು ನೋಡು. ಉಪ್ಪು ನೋಡು."

"ಎಲ್ಲಾ ಸರಿಯಾಗಿದೆ ರೀ." ಅವಳು ನನ್ನ ಕೈ ಸವರಿದಳು. "ಕಲಿತುಬಿಟ್ರಲ್ಲ, ಇನ್ನು ನಂಗೆ ಯೋಚನೆ ಇಲ್ಲ."

"ಕಲಿತಿಲ್ಲ ಕಣೇ," ಎಂದೆ. "ಒಂದ್ಸಲ ಬೈಯೇ."

ಅವಳು ಆಗಲೇ ಗೋಡೆಯ ಕಡೆ ಹೊರಳಿದ್ದಳು.