ಕುಂಕುಮ ಹಚ್ಚಿದ ಸಿ.ಡಿ.

ಎರಡು ಸಾವಿರದ ಮೂರನೆಯ ಇಸವಿ, ದಸರಾ ಮುಗಿದ ಮಾರನೆಯ ದಿನ. ಬೆಳಿಗ್ಗೆಯೇ ಮೋಡ ಮುಚ್ಚಿಕೊಂಡು ಜಿನುಗು ಮಳೆ ಹಿಡಿದಿತ್ತು. ಕಡಕೊಳದ ಊದುಬತ್ತಿ ಕಂಪನಿಯ ಅಂಗಳದಲ್ಲಿ ಗುಜರಿ ಲಾರಿಯೊಂದು ನೆನೆಯುತ್ತ ನಿಂತಿತ್ತು. ಕೆಲಸಗಾರರ ಹಳೆಯ ಫೈಲುಗಳನ್ನೆಲ್ಲ ಅದಕ್ಕೆ ಹಾಕಬೇಕೆಂದು ಯಜಮಾನ ವೃಷಭೇಂದ್ರಪ್ಪನವರ ಅಪ್ಪಣೆಯಾಗಿತ್ತು.

ಮೊದಲ ಮೂಟೆ ಆಫೀಸಿನ ಬಾಗಿಲಿಗೆ ಬಂದದ್ದೇ ತಡ, ಚಿಕ್ಕಮಾದಮ್ಮ ಅದರ ಮೇಲೆ ಕುಳಿತುಬಿಟ್ಟರು.

"ಏಳಮ್ಮ, ಹೊತ್ತಾಯ್ತು," ಎಂದ ಲಾರಿಯವನು.

"ಏಳಾಕಿಲ್ಲ ಕಣಪ್ಪ. ಬೇಕಾರೆ ನನ್ನೂ ಸೇರಿಸ್ಕೊಂಡು ತೂಕ ಆಕು."

ಆಕೆ ಅಲ್ಲೇ ಬತ್ತಿ ಪ್ಯಾಕ್ ಮಾಡುತ್ತಿದ್ದು, ಹೋದ ವರ್ಷ ನಿವೃತ್ತರಾದವರು. ಕೆಲಸಕ್ಕೆ ಸೇರುವಾಗ ಕೊಟ್ಟ ಶಾಲೆಯ ಟಿ.ಸಿ. ಕಂಪನಿಯಲ್ಲೇ ಉಳಿದಿತ್ತು. ಈಗ ಪಿಂಚಣಿಗೆ ವಯಸ್ಸಿನ ದಾಖಲೆಯಾಗಿ ಅದೇ ಬೇಕು. ಓದಿದ ಶಾಲೆಯೋ, ಮುಚ್ಚಿ ಎಷ್ಟೋ ಕಾಲವಾಗಿದೆ.

ಗದ್ದಲ ಕೇಳಿ ವೃಷಭೇಂದ್ರಪ್ಪ ಹೊರಬಂದರು. "ಮಾದಮ್ಮ, ನಿಮ್ಮ ಟಿ.ಸಿ. ಎಲ್ಲೂ ಹೋಗಿಲ್ಲ. ಎಲ್ಲಾ ಸಿ.ಡಿ.ಗೆ ಹಾಕ್ಸಿದೀನಿ. ಇನ್ನು ಈ ಧೂಳು ಯಾಕೆ?"

"ಹಾಗಾದ್ರೆ ತೆಗೆದು ತೋರಿಸೋಣ ಸಾರ್," ಎಂದರು ಕಂಪ್ಯೂಟರ್ ವಿಭಾಗದ ಪದ್ಮಾವತಿ. "ಅಲ್ಲೀವರೆಗೂ ಫೈಲಿನ ಕೋಣೆ ಬೀಗದ ಕೈ ನಾನು ಕೊಡಲ್ಲ."

"ಕಂಪನಿ ಯಾರದ್ರೀ?"

"ಕಂಪನಿ ನಿಮ್ಮದೇ ಸಾರ್. ಟಿ.ಸಿ. ಅವರದು."

ಸಿ.ಡಿ. ತಂದರು. ಆಯುಧಪೂಜೆಯ ದಿನ ಕಂಪ್ಯೂಟರಿನ ಜೊತೆ ಅದಕ್ಕೂ ಪೂಜೆಯಾಗಿತ್ತು. ಹೊಳೆಯುವ ಮೈಮೇಲೆ ಮೂರು ಬೆರಳ ವಿಭೂತಿ, ಗಂಧ, ಕುಂಕುಮ. ಒರೆಸಿದಷ್ಟೂ ಗೀರು. ಯಂತ್ರ ಗೊರಗೊರ ಎಂದು ತಿರುಗಿ ಸುಮ್ಮನಾಯಿತು. ಶಿವನ ವಿಭೂತಿ ಎಲ್ಲಾದರೂ ಕೇಡು ಮಾಡೀತೇ? ಹಚ್ಚಿದ ಜಾಗ ತಪ್ಪಿತ್ತು, ಅಷ್ಟೆ.

"ಇನ್ನೊಂದು ಪ್ರತಿ ಇಲ್ವಾ?" ವೃಷಭೇಂದ್ರಪ್ಪ ಪದ್ಮಾವತಿಯವರನ್ನು ಕೇಳಿದರು.

"ಇನ್ನೊಂದು ಸಿ.ಡಿ. ದಂಡ ಅಂದಿದ್ರಿ."

"ಪೂಜೆ ಮಾಡಿದ್ದು ತಪ್ಪೇನ್ರೀ?"

"ಪೂಜೆ ತಪ್ಪಲ್ಲ ಸಾರ್, ಒಂದನ್ನೇ ನಂಬಿದ್ದು ತಪ್ಪು. ದೇವರಿಗೆ ಒಂಟಿ ಊದುಬತ್ತಿ ಹಚ್ತೀರಾ? ಜೋಡಿ ಹಚ್ತೀರಿ ತಾನೇ?"

ಚಿಕ್ಕಮಾದಮ್ಮ ಕುಳಿತಲ್ಲಿಂದಲೇ ಕೂಗಿದರು: "ಅಂಗಾರೆ ದೇವ್ರು ನನ್ ಕಡೀಕವ್ನೆ ಬುಡಿ, ಯಜಮಾನ್ರೇ!"

ಲಾರಿಯವನೂ ನಕ್ಕ. ವೃಷಭೇಂದ್ರಪ್ಪನವರಿಗೆ ನಗು ಬರಲಿಲ್ಲ. "ಸರಿ, ಎರಡೆರಡು ಪ್ರತಿ ಮಾಡ್ಸಿ. ಆಯ್ತಾ?"

"ಸಾಲದು ಸಾರ್. ಒಂದು ಇಲ್ಲಿ ಇರ್ಲಿ, ಒಂದು ನಮ್ಮ ಸರಸ್ವತಿಪುರಂ ಆಫೀಸಲ್ಲಿ. ಬೆಂಕಿ ಬಿದ್ರೆ ಎರಡೂ ಒಟ್ಟಿಗೆ ಹೋಗಬಾರದು. ಮೊದಲಿನ ದೊಡ್ಡ ಫ್ಲಾಪಿ ಹಾಕೋಕೆ ಈಗಿನ ಕಂಪ್ಯೂಟರಲ್ಲಿ ಜಾಗವೇ ಇಲ್ಲ. ನಾಳೆ ಸಿ.ಡಿ.ಗೂ ಅದೇ ಗತಿ. ಹೊಸ ಯಂತ್ರ ಬಂದಾಗೆಲ್ಲ ಹಳೇದನ್ನ ಅದಕ್ಕೆ ದಾಟಿಸ್ಬೇಕು. ವರ್ಷಕ್ಕೊಂದು ಸಲ ತೆರೆದು ನೋಡ್ಬೇಕು."

"ಆಯುಧಪೂಜೆ ದಿನವೇ ನೋಡೋಣ. ಕುಂಕುಮ ಇನ್ಮೇಲೆ ಸಿ.ಡಿ. ಡಬ್ಬದ ಮೇಲೆ ಮಾತ್ರ."

"ಕೆಲಸಗಾರರ ಅಸಲು ಕಾಗದ?"

ವೃಷಭೇಂದ್ರಪ್ಪ ಲಾರಿಯ ಕಡೆ ನೋಡಿದರು. "ಅವರವರ ಕೈಗೆ," ಎಂದರು.

ಲಾರಿ ಖಾಲಿಯಾಗಿಯೇ ನಂಜನಗೂಡು ರಸ್ತೆ ಹಿಡಿಯಿತು.

ಓದುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮದು ಕಂಪನಿಯಿರಲಿ, ಸಂಘವಿರಲಿ, ಇವತ್ತಿನ ಕಾಗದ ಮುಂದೆ ಯಾರಿಗೆ, ಎಷ್ಟು ಕಾಲ ಬೇಕಾದೀತು ಎಂದು ಈಗಲೇ ಕುಳಿತು ಯೋಚಿಸಿ. ಕಂಪ್ಯೂಟರಿಗೆ ಹಾಕಿದೆವೆಂದು ನಿಶ್ಚಿಂತರಾಗಬೇಡಿ, ತೆರೆದು ನೋಡಿ. "ತೋರಿಸಿ" ಎಂದವರನ್ನು ಗದರಬೇಡಿ. ಕೇಳುವವರು ನೀವೇ ಆದರೆ, ಕುಳಿತಲ್ಲಿಂದ ಏಳಬೇಡಿ.

ಮಧ್ಯಾಹ್ನ ಮೂಟೆಗಳನ್ನು ಬಿಚ್ಚಿದರು. ವೃಷಭೇಂದ್ರಪ್ಪ ತಾವೇ ನೆಲದ ಮೇಲೆ ಕುಳಿತು ಹುಡುಕಿದರು. ಸಿಕ್ಕ ಹಳದಿ ಹಾಳೆಯನ್ನು ಪಂಚೆಯ ಅಂಚಿನಿಂದ ಒರೆಸಿ, ಎರಡೂ ಕೈಯಲ್ಲಿ ಹಿಡಿದು ಚಿಕ್ಕಮಾದಮ್ಮನವರ ಕೈಗೆ ಕೊಟ್ಟರು.