ಅಕ್ಕನ ಕೋಲಿನ ಅಳತೆ

ಗಾಳದ ಕೋಲು ಕಟ್ಟುವವನಿಗೆ ಬೀದಿಯವರು ಇಟ್ಟ ಹೆಸರು ಅಳತೆರಾಯ. ಚಹಾಕ್ಕೆ ಸಕ್ಕರೆ ಹಾಕುವಾಗಲೂ ಚಮಚದ ಮೇಲೆ ಬೆರಳೆಳೆದು ಮಟ್ಟ ಮಾಡುವ ಆಸಾಮಿ. ಅವನು ಕಟ್ಟಿದ ಕೋಲುಗಳಿಗೆಲ್ಲ ಮೈತುಂಬ ಉಂಗುರ, ಅವನ ಬೆರಳಿಗೆ ಮಾತ್ರ ಒಂದೂ ಇಲ್ಲ.

"ಕೋಲಿಗೆ ತೊಡಿಸಿದ್ರಲ್ಲಿ ಒಂದನ್ನ ಯಾರಿಗಾದ್ರೂ ತೊಡಿಸಿದ್ರೆ ಇಷ್ಟೊತ್ತಿಗೆ ಮಕ್ಕಳು ಸ್ಕೂಲಿಗೆ ಹೋಗ್ತಿದ್ವು" ಎಂದು ಅವನ ಭಾವ, ಅಂದರೆ ಅಕ್ಕನ ಗಂಡ, ಗಿರಾಕಿಗಳ ಕೆನ್ನೆಗೆ ನೊರೆ ಹಚ್ಚುತ್ತ ಸಾರುತ್ತಿದ್ದ. ಭಾವನದು ಕ್ಷೌರದ ಅಂಗಡಿ. ಊರಿನವರೆಲ್ಲ ಅವನ ಮುಂದೆ ತಲೆಬಾಗುತ್ತಿದ್ದರು, ಅವನು ಅಕ್ಕನ ಮುಂದೆ.

ಆ ಅಕ್ಕ ಈಗ ಅಂಗಡಿಯ ಬೆಂಚಿನ ಮೂಲೆ ಹಿಡಿದು, ಗಿರಾಕಿಗಳು ಓದಿ ಬಿಸಾಡಿದ ಹಳೆ ಪತ್ರಿಕೆಗಳನ್ನು ಮಡಿಸುತ್ತ ಕೂತಿರುತ್ತಿದ್ದಳು. ಮಡಿಸುವುದು ಮುಗಿದರೆ ಬಿಚ್ಚಿ ಮತ್ತೆ ಮಡಿಸುತ್ತಿದ್ದಳು. ಮೆಟ್ಟಿಲಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡ ಮೇಲೆ ಹೀಗೆ. ಮೂಳೆಯೇನೋ ಕೂಡಿತ್ತು, ಧೈರ್ಯ ಕೂಡಿರಲಿಲ್ಲ. ತಮ್ಮನಿಗೆ ಅಕ್ಷರಕ್ಕಿಂತ ಮೊದಲು ಗಾಳದ ಗಂಟು ಕಲಿಸಿದವಳು ಅವಳೇ. ಈಗ ಹೊಳೆಯ ಮಾತೆತ್ತಿದರೆ, "ಬಿಡೋ, ಮೀನುಗಳಾದ್ರೂ ನೆಮ್ಮದಿಯಾಗಿರ್ಲಿ" ಎನ್ನುತ್ತಿದ್ದಳು.

ಮೀನುಗಳು ನೆಮ್ಮದಿಯಾಗಿದ್ದವು, ಅಕ್ಕ ಇರಲಿಲ್ಲ. ತಮ್ಮನಿಗೆ ಅದು ಗಂಟಲಲ್ಲಿ ಸಿಕ್ಕ ಮುಳ್ಳು. ಅವಳನ್ನು ಮತ್ತೆ ದಡಕ್ಕೆ ಹೊರಡಿಸಬೇಕು ಎಂದು ಗುಟ್ಟಾಗಿ ಅವಳಿಗೊಂದು ಹಗುರ ಕೋಲು ಕಟ್ಟತೊಡಗಿದ.

ಕೋಲಿನ ಜೀವವಿರುವುದು ಅದರುದ್ದಕ್ಕೂ ಕೂತ ರಿಂಗುಗಳಲ್ಲಿ. ದಾರ ಅವುಗಳೊಳಗಿಂದಲೇ ತುದಿ ತಲುಪಬೇಕು. ತುದಿಯತ್ತ ರಿಂಗುಗಳು ಹತ್ತಿರ ಹತ್ತಿರ, ಹಿಡಿಯತ್ತ ದೂರ ದೂರ. ಹೆಚ್ಚಾದರೆ ಕೋಲು ಭಾರ. ಜಾಗ ತಪ್ಪಿದರೆ ಕೋಲು ಒಂದು ಕಡೆ ಬಾಗುತ್ತದೆ, ದಾರ ಅಡ್ಡದಾರಿ ಹಿಡಿಯುತ್ತದೆ, ಎಳೆತವೆಲ್ಲ ಒಂದೇ ಕಡೆ ಬೀಳುತ್ತದೆ. ಸಂಸಾರದಲ್ಲಿ ಆಗುವುದೂ ಅದೇ. ಅಳತೆರಾಯ ಕೋಲಿನ ಹಿಡಿಯನ್ನು ಮೇಜಿನ ಇಕ್ಕಳಕ್ಕೆ ಕಚ್ಚಿಸಿ, ತುದಿಯಿಂದ ನೀರು ತುಂಬಿದ ಬಾಟಲಿ ಇಳಿಬಿಟ್ಟು, ಕೋಲಿನ ಬಾಗನ್ನು ದಾರವೂ ಅನುಸರಿಸುವ ತನಕ ಒಂದೊಂದೇ ರಿಂಗನ್ನು ಕೂದಲೆಳೆಯಷ್ಟು ಮೇಲೆ ಕೆಳಗೆ ಸರಿಸಿದ. ಆಮೇಲೆ ನೀಲಿ ನೂಲು ಸುತ್ತಿ ವಾರ್ನಿಷ್ ಕೊಟ್ಟ. ಅಂಥ ಕೆಲಸ ಅವನ ಕೈಯಿಂದ ಹಿಂದೆ ಬಂದಿರಲಿಲ್ಲ.

ಅಂಗಡಿಗೆ ರಜೆಯಿದ್ದ ದಿನ ಅದನ್ನು ತಂದು ಅಕ್ಕನ ತೊಡೆಯ ಮೇಲಿಟ್ಟ.

"ಅಯ್ಯೋ, ಎಷ್ಟು ಚೆನ್ನಾಗಿದೆಯೋ!" ಅಕ್ಕ ನೂಲಿನ ಮೇಲೆ ಉಗುರಾಡಿಸಿದಳು. ಎದ್ದು ನಿಂತು ಹಿಡಿದೆತ್ತಿದಳು. ಬಲಗೈ ಅರ್ಧಕ್ಕೇ ಸೋತಿತು. ತಾನಾಗಿಯೇ ಎಡಗೈ ಹಿಡಿಯನ್ನು ದಾಟಿ ಮೇಲಕ್ಕೆ, ಕೋಲಿನ ಮೈಗೇ ಹೋಗಿ ಆನಿಸಿಕೊಂಡಿತು. ಅಲ್ಲಿದ್ದ ಮೊದಲ ರಿಂಗು ಅವಳ ಬೆರಳಸಂದಿಗೆ ಒತ್ತಿತು. ಅವಳು ಕೋಲನ್ನು ಮೆಲ್ಲಗೆ ಬೆಂಚಿಗೆ ಒರಗಿಸಿದಳು.

"ಇದು ಒಳ್ಳೇ ಕೋಲು ಕಣೋ. ಯಾರಾದ್ರೂ ಕೈ ಇರೋರಿಗೆ ಕೊಡು."

ಅಳತೆರಾಯ ಅವಳ ಎಡಗೈಯನ್ನೇ ನೋಡುತ್ತಿದ್ದ. ಅಕ್ಕ ಈಗ ಕೋಲನ್ನು ಹಿಡಿಯುವುದು ಎಲ್ಲಿ ಎಂದು ಅವನು ನೋಡಿಯೇ ಇರಲಿಲ್ಲ. ಅವನು ಅಳತೆ ತೆಗೆದದ್ದು ಹಳೆಯ ಅಕ್ಕನಿಗೆ, ಅವಳ ಬದಲಿಗೆ ಕೋಲು ಹಿಡಿದದ್ದು ಕಬ್ಬಿಣದ ಇಕ್ಕಳ. ಇಕ್ಕಳ ಮೆಟ್ಟಿಲಲ್ಲಿ ಜಾರುವುದಿಲ್ಲ.

"ಭಾವ, ಒಂದು ಬ್ಲೇಡ್ ಕೊಡಿ."

"ಏಯ್!" ಎಂದಳು ಅಕ್ಕ. "ನೂಲು ಕತ್ತರಿಸ್ತೀಯಾ? ತಲೆ ಕೆಟ್ಟಿದೆಯಾ ನಿಂಗೆ? ನನಗೋಸ್ಕರ ಅದನ್ನ ಹಾಳು ಮಾಡಬೇಡ."

"ನಿನಗೋಸ್ಕರ ಅಲ್ಲದಿದ್ರೆ ಯಾರಿಗಕ್ಕ ಇದು?"

ಭಾವ ಬ್ಲೇಡ್ ತಂದ, ಆದರೆ ಕೊಡಲಿಲ್ಲ. "ಪಕ್ಕಕ್ಕೆ ಸರಿ ಮಾರಾಯ. ಇದು ನನ್ನ ಡಿಪಾರ್ಟ್ಮೆಂಟು." ಕೋಲನ್ನು ಕ್ಷೌರದ ಕುರ್ಚಿಯ ತೋಳುಗಳ ಮೇಲೆ ಮಲಗಿಸಿ, ಅದರ ಕೆಳಗೆ ಒಗೆದ ಟವೆಲ್ ಹಾಸಿದ. "ಹೇಳಿ ಸಾರ್, ಮೀಸೆ ಇರ್ಲಾ, ತೆಗೀಲಾ?"

"ರಿಂಗಿನ ಪಾದದ ಮೇಲೇ ಬ್ಲೇಡ್ ಆಡಿಸಿ ಭಾವ. ಕೋಲಿನ ಮೈಗೆ ಗೀರು ಬಿದ್ರೆ ಅಲ್ಲೇ ಮುರಿಯುತ್ತೆ."

"ಗೀರು ಬಿದ್ದಿದ್ರೆ ಈ ಬೀದೀಲಿ ಒಬ್ಬರ ಮುಖಾನೂ ನೆಟ್ಟಗಿರ್ತಿರಲಿಲ್ಲಪ್ಪ."

ನೀಲಿ ನೂಲು ಸುರುಳಿ ಸುರುಳಿಯಾಗಿ ಕೂದಲ ನಡುವೆ ನೆಲಕ್ಕೆ ಬಿತ್ತು. ಅಕ್ಕ ಮುಖ ತಿರುಗಿಸಿ ಕೂತಳು. ತುದಿಯದೊಂದನ್ನು ಬಿಟ್ಟು ಉಳಿದ ರಿಂಗುಗಳೆಲ್ಲ ಕಳಚಿದ ಮೇಲೆ ಅಳತೆರಾಯ ಅವನ್ನು ಸದ್ಯಕ್ಕೆ ಹಳೆಯ ಜಾಗಗಳಲ್ಲೇ ಟೇಪಿನಿಂದ ಅಂಟಿಸಿ, ರೀಲು ಕೂಡಿಸಿ, ದಾರ ತೂರಿಸಿ, ಅದರ ಕೊನೆಯನ್ನು ತನ್ನ ಬೆಲ್ಟಿಗೆ ಕಟ್ಟಿಕೊಂಡ.

"ಅಕ್ಕ, ಹಿತ್ತಲ ಓಣಿಗೆ ಬಾ. ನಿನಗೆ ಹೇಗೆ ಬರುತ್ತೋ ಹಾಗೆ ಕೋಲು ಹಿಡಿ. ನಾನು ಮೀನು."

"ನಂಗೆ ಯಾವಾಗ್ಲೂ ಅನುಮಾನ ಇತ್ತು" ಎಂದ ಭಾವ. "ಆ ಬಾಯಿ, ಆ ಕಣ್ಣು..."

ಅಕ್ಕ ಬೇಡವೆಂದಳು. ನಾಲ್ಕು ಜನ ನೋಡಿದರೆ ಏನೆಂದುಕೊಂಡಾರು ಎಂದಳು. ನೂಲು ಹೋದ ಕೋಲನ್ನು ಇನ್ನೊಮ್ಮೆ ನೋಡಿದಳು. ಕೊನೆಗೆ ಎದ್ದಳು, ಭಾವ ಹಿಂದೆಯೇ ಹೊರಟ.

ಓಣಿಯಲ್ಲಿ ತಮ್ಮ ಬೆನ್ನು ತಿರುಗಿಸಿ ಮೆಲ್ಲಗೆ ನಡೆಯತೊಡಗಿದ. ದಾರ ಬಿಗಿಯಿತು.

"ಅದ್ಯಾವ ಮೀನೋ ಹಿಂಗೆ ನಡಿಯೋದು? ಬ್ಯಾಂಕಿಗೆ ಹೋಗ್ತಿದೆಯಾ?"

ಅವನು ಇನ್ನೊಂದು ಚೂರು ಎಳೆದ.

"ಪಾಪ ಅಂತ ಎಳೀತಿದ್ದೀಯಲ್ವಾ? ಹೊಳೇಲಿರೋ ಯಾವ ಮೀನೂ ನನ್ನ ಎಕ್ಸ್‌ರೇ ನೋಡಿಲ್ಲ ಕಣೋ. ಸರಿಯಾಗಿ ಎಳಿ!"

ಅವನು ಓಡಿದ. ಕೋಲು ಬಿಲ್ಲಾಯಿತು. ಅಕ್ಕನ ಮುಖ ನೋವಿಗೆ ಕಿವುಚಿದ್ದನ್ನು ಕಂಡು ಅವನು ನಿಂತುಬಿಟ್ಟ.

"ನಿಲ್ಬೇಡ!" ಎಂದು ಅವಳು ಗದರಿದಳು. ಹಿಡಿಯ ಬುಡವನ್ನು ಮೊಣಕೈ ಸಂದಿಗೆ ಸೇರಿಸಿ ಎಡಗೈಯನ್ನು ಮೇಲೆ ಏರಿಸಿದಳು. ಭಾರ ಹೊರುವ ಕೆಲಸ ಬಲಗೈಗೆ ತಪ್ಪಿತು, ರೀಲು ತಿರುಗಿಸುವುದಷ್ಟೇ ಅದರ ಪಾಲಿಗೆ ಉಳಿಯಿತು. ಕೋಲು ಈಗ ಬಾಗುತ್ತಿದ್ದುದು ಅವಳ ಎಡಗೈಯಿಂದ ಮೇಲೆ. ಕೆಳಗೆ ದೂರ ದೂರ ಕೂತಿದ್ದ ರಿಂಗುಗಳಿಗೆ ಅಲ್ಲಿ ಕೆಲಸವೇ ಇರಲಿಲ್ಲ, ಮೇಲೆ ದಾರ ಕೋಲನ್ನು ಬಿಟ್ಟು ಅಡ್ಡ ಹಾಯುತ್ತಿತ್ತು.

"ರೀ, ಟೇಪು ಬಿಚ್ಚಿ. ಆ ಕೆಳಗಿಂದನ್ನ ಮೇಲೆ ತಳ್ಳಿ. ಅದಲ್ಲ, ಅದಲ್ಲ, ನನ್ನ ಬೆರಳ ಹತ್ರ ಇರೋದು! ಇನ್ನೂ ಮೇಲೆ. ಸಾಕು. ಈಗ ಅದರ ಮೇಲಿಂದು."

"ಇಲ್ಲಿಗಾ?"

"ಜಾಸ್ತಿ ಆಯ್ತು. ಗಡ್ಡ ಕೆರೆದ ಹಾಗೆ ಒಂದೇ ಏಟಿಗೆ ಹೋಗಬೇಡಿ, ಚೂರು ಚೂರೇ ಸರಿಸಿ."

ಮೀನು ಓಣಿಯ ಆ ತುದಿಯಲ್ಲಿ ಏದುಸಿರು ಬಿಡುತ್ತ, ಎಡಕ್ಕೆಳೆ ಎಂದರೆ ಎಡಕ್ಕೆ, ಬಲಕ್ಕೆಂದರೆ ಬಲಕ್ಕೆ ಓಡುತ್ತಿತ್ತು. ಅಳತೆಗೋಲು ಅವನ ಜೇಬಿನಲ್ಲೇ ಇತ್ತು, ಅದನ್ನು ಯಾರೂ ಕೇಳಲಿಲ್ಲ. ರಿಂಗುಗಳು ಒಂದೊಂದಾಗಿ ಮೇಲೇರಿ ಒತ್ತೊತ್ತಾಗಿ ಕೂತವು. ದಾರ ಕೋಲಿನ ಬೆನ್ನು ಬಿಡದೆ ಬಾಗಿತು. ಅಕ್ಕ ಮಾತು ನಿಲ್ಲಿಸಿ ರೀಲು ತಿರುಗಿಸಿದಳು, ನೋವಾದಾಗ ಚೂರು ದಾರ ಬಿಟ್ಟು ಮತ್ತೆ ತಿರುಗಿಸಿದಳು. ತಮ್ಮನೂ ಬಿಡದೆ ಎಳೆದ. ಕೊನೆಗೆ ಅವನು ಹಿಮ್ಮುಖವಾಗಿಯೇ ಅವಳ ಕಾಲಬುಡಕ್ಕೆ ಬಂದು ಬಿದ್ದ.

ಅಕ್ಕ ಅವನ ಬೆವೆತ ತಲೆಯ ಮೇಲೆ ಕೈಯಿಟ್ಟಳು. ಅದು ಬಲಗೈ.

"ಸಣ್ಣದು" ಎಂದಳು ಗಂಡನಿಗೆ. "ಬಿಟ್ಟುಬಿಡೋಣ್ವಾ?"

"ಬಿಡು, ಬೆಳೀಲಿ" ಎಂದ ಭಾವ.

ಓಣಿಯಲ್ಲಿ ರಿಂಗುಗಳು ಕೂತ ಜಾಗದಲ್ಲೇ ನೂಲು ಸುತ್ತಿಕೊಂಡು ಅಳತೆರಾಯ ಮಾರನೆಯ ದಿನ ಬಂದ. ಅಕ್ಕನ ಕಣ್ಣೆದುರೇ ಆಗಲಿ ಎಂದು ಅವಳ ಬೆಂಚಿನ ಮೇಲೇ ವಾರ್ನಿಷ್ ಹಚ್ಚಿದ.

"ಒಣಗೋದು ಯಾವಾಗ?" ಅಕ್ಕ ಕೇಳಿದಳು.

"ನಾಳೆ ಸಂಜೆಗೆ."

"ಅಷ್ಟೊತ್ತಾ? ನಾಳೆ ಬೆಳಿಗ್ಗೆ ಮೋಡ ಇದ್ರೆ ಮೀನು ಮೇಲೆ ಬರುತ್ತಲ್ಲೋ!"

ಭಾವ ಕೂದಲು ಒಣಗಿಸುವ ಯಂತ್ರ ಎತ್ತಿಕೊಂಡು ಬಂದ. "ಬೇಡ ರೀ, ಗುಳ್ಳೆ ಏಳುತ್ತೆ" ಎಂದು ಅಕ್ಕ ಅದನ್ನು ಅತ್ತ ಸರಿಸಿದಳು. ಹಸಿ ವಾರ್ನಿಷ್ ಒಂದೇ ಕಡೆ ಜೋತುಬೀಳದಂತೆ ಕೋಲನ್ನು ನಿಧಾನ ತಿರುಗಿಸುತ್ತಲೇ ಇರಬೇಕು. ಅವಳು ಹಿಡಿಯನ್ನು ಬಲಗೈಗೆ ತೆಗೆದುಕೊಂಡು, ಮಣಿಕಟ್ಟು ಎಷ್ಟು ಹೊರಳುತ್ತದೋ ಅಷ್ಟು ಹೊರಳಿಸುತ್ತ ಕೂತಳು.

ಭಾವ ತಡೆಯಲಾರದೆ ಹೇಳಹೊರಟ. "ಅಲ್ವೋ, ಅದನ್ನ ತಿರುಗಿಸೋಕೆ ನಿನ್ನ ಹತ್ರ ಒಂದು ಮೋಟಾ..."

ತಮ್ಮ ಅವನ ಕಾಲು ತುಳಿದ.

"ಅವರ ಕಾಲು ಯಾಕೋ ತುಳೀತೀಯ?" ಅಕ್ಕ ಕೋಲಿನಿಂದ ಕಣ್ಣು ತೆಗೆಯಲಿಲ್ಲ. "ಮೋಟಾರ್ ಇರೋದು ನಂಗೂ ಗೊತ್ತು. ಇಬ್ಬರೂ ಸುಮ್ನೆ ಕೂತ್ಕೊಳ್ಳಿ, ಧೂಳೆಬ್ಬಿಸಬೇಡಿ."