ಐದನೆಯ ತೊಲೆ

ಊರಲ್ಲಿ ನಮ್ಮ ಮನೆತನಕ್ಕೆ ಇರೋ ಹೆಸರು ‘ತೊಲೆ ನುಂಗಿದವರು’. ನಾಲ್ಕು ತಲೆಮಾರಿನಿಂದ ಮರಗೆಲಸ ಮಾಡ್ಕೊಂಡು ಬಂದಿದ್ದೀವಿ, ಊರಿನ ಅರ್ಧ ಬಾಗಿಲು ನಮ್ಮ ಕೈಯವೇ. ಆದರೂ ಹೆಸರು ಮಾತ್ರ ಅದೇ.

ಇದೆಲ್ಲ ಶುರುವಾಗಿದ್ದು ನಮ್ಮ ಮೆಥೊಡಿಸ್ಟ್ ಚರ್ಚಿನಿಂದ. ಮೊದಲು ಸಭೆ ಕೂಡ್ತಿದ್ದದ್ದು ಒಂದು ಕಾಳಿನ ಗೋದಾಮಿನಲ್ಲಂತೆ. ಆಮೇಲೆ ಸಭೆಯವರೇ ಕಲ್ಲು ಹೊತ್ತು, ಸುಣ್ಣ ಕಲಸಿ, ಎರಡು ವರ್ಷದಲ್ಲಿ ಚರ್ಚು ಎಬ್ಬಿಸಿದರು. ಮೊಳದಪ್ಪ ಗೋಡೆ, ತುದಿ ಚೂಪಾದ ಎಂಟು ಕಿಟಕಿ, ಬಣ್ಣವಿಲ್ಲದ ಗಾಜು. ಮುಂದೆ ನಟ್ಟನಡುವೆ ಪ್ರಸಂಗದ ಪೀಠ, ಅದರ ಬೆನ್ನಿಗೆ ಗಾಳಿ ತುಂಬಿದರೆ ನುಡಿಯೋ ಕೊಳವೆಗಳ ಆರ್ಗನ್ನು. ಚಾವಣಿ ಹೊತ್ತಿರೋದು ಐದು ಜೋಡಿ ಮರ. ಒಂದೊಂದು ಜೋಡಿಯೂ ಕೈಮುಗಿದ ಹಾಗೆ ಮೇಲೆ ಕೂಡುತ್ತೆ, ಕಾಲು ಜಾರದಿರಲಿ ಅಂತ ಕೆಳಗೆ ಅಡ್ಡಕ್ಕೆ ಒಂದು ತೊಲೆ ಬಿಗಿದಿರುತ್ತೆ. ಮಾಡಿದ್ದು ನಮ್ಮ ಮುತ್ತಜ್ಜ. ಬಾಗಿಲ ಕಡೆಯಿಂದ ಎಣಿಸಿ ಒಂದೊಂದು ತೊಲೆಗೂ ಉಳಿಯಲ್ಲಿ ಗೀಟು ಹಾಕಿದ್ದಾನೆ. ಒಂದು, ಎರಡು, ಮೂರು, ನಾಲ್ಕು. ಐದನೆಯ ತೊಲೆಯೇ ಇಲ್ಲ.

ಮುತ್ತಜ್ಜ ಅದನ್ನ ಕದ್ದು ಮನೆಗೆ ಮಂಚ ಮಾಡಿಕೊಂಡ, ಖಾಲಿ ಜಾಗ ಕಾಣಬಾರದು ಅಂತ ಆರ್ಗನ್ನಿನ ಮರದ ಗೂಡನ್ನ ಚಾವಣಿವರೆಗೂ ಏರಿಸಿದ, ಅನ್ನೋದು ಊರಿನವರ ಮಾತು. ಆಡೋ ಬಾಯಿಗೆ ಅಡ್ಡ ಯಾರು? ಮುತ್ತಜ್ಜ ಸತ್ತ ಮೇಲೆ ಹುಟ್ಟಿದ ಮಾತು ಅದು. ನಮ್ಮ ಪಾದ್ರಿಗಳಿಗೋ ಮೂರ್ನಾಲ್ಕು ವರ್ಷಕ್ಕೊಮ್ಮೆ ವರ್ಗ. ಹಳೇದು ಗೊತ್ತಿದ್ದವರು ಯಾರೂ ಉಳಿಯಲಿಲ್ಲ. ಆ ಮಾತಿಗೆ ನೀರೆರೆದು ಬೆಳೆಸಿದ್ದು ಸಭೆಯ ಹಿರಿಯ ಟಪಾಲಣ್ಣ. ಅಂಚೆ ಕಚೇರಿಯಿಂದ ನಿವೃತ್ತಿ ಆದರೂ ಸುದ್ದಿ ಹಂಚೋದು ಬಿಟ್ಟಿಲ್ಲ, ಮಹಾನುಭಾವ. ಭಾನುವಾರ ಮುಂದಿನ ಬೆಂಚಲ್ಲಿ ಕೂತು, ನಾನು ಒಳಗೆ ಬಂದ ಕೂಡಲೇ, ‘ಏನಪ್ಪಾ, ಮಂಚ ಗಟ್ಟಿಯಾಗಿದೆಯಾ?’ ಅಂತಿದ್ದರು. ನನಗೆ ಮೈಯೆಲ್ಲ ಉರಿಯೋದು. ಅವಮಾನಕ್ಕೆ ನಾನು ಐದನೆಯ ತೊಲೆ ಇರಬೇಕಾದ ಕಡೆ ಕತ್ತೆತ್ತಿ ನೋಡ್ತಲೇ ಇರಲಿಲ್ಲ. ನಮ್ಮಪ್ಪನೂ ನೋಡಲಿಲ್ಲ, ಅಜ್ಜನೂ ನೋಡಲಿಲ್ಲ. ಮರಗೆಲಸದವರ ಮನೆ ಇದು, ನೋಡಿ.

ಆರ್ಗನ್ನು ಉಸಿರು ನಿಲ್ಲಿಸಿ ಹತ್ತು ವರ್ಷವಾಗಿತ್ತು. ಅದನ್ನ ತೆಗೆದು ಸ್ಪೀಕರ್ ಇಡೋಣ ಅಂತ ಸಭೆ ತೀರ್ಮಾನ ಮಾಡಿತು. ಕೆಲಸ ನನಗೇ ಬಂತು. ನಲವತ್ತು ವರ್ಷ ಅದನ್ನ ನುಡಿಸಿದ ನಮ್ಮ ಸೋದರತ್ತೆ ಬೇಡ ಕಣೋ ಅಂದರು, ಅದರ ಗೂಡು ನಮ್ಮ ತಾತನ ಕೈಯದು ಅಂದರು. ನಾನು ರೇಗಿದೆ. ಕದ್ದದ್ದನ್ನ ಮುಚ್ಚಿಡೋಕೆ ಮಾಡಿದ ಗೂಡು ಇದ್ದರೆಷ್ಟು, ಹೋದರೆಷ್ಟು, ಒಂದು ಸಲ ತೊಲಗಲಿ, ಊರಿನ ಬಾಯಿಯೂ ಮುಚ್ಚಲಿ ಅಂದೆ. ಅತ್ತೆ ಎದ್ದು ಒಳಗೆ ಹೋದರು.

ಬೆಳಿಗ್ಗೆ ನಾನು, ನನ್ನ ಹೆಂಡತಿ ಇಬ್ಬರೇ ಹೋದೆವು. ಅವಳು ನನ್ನ ಜೊತೆಗೇ ಕೆಲಸ ಮಾಡ್ತಾಳೆ. ಕೊಳವೆಗಳನ್ನ ಇಳಿಸಿ, ಮುಂಭಾಗದ ಹಲಗೆ ಬಿಚ್ಚಿದೆವು. ಗೂಡಿನ ಎರಡು ಮೂಲೆಯಲ್ಲಿ ಬಳ್ಳಿ ಕೆತ್ತಿದ ಎರಡು ಕಂಬ. ಬರೀ ಅಲಂಕಾರ ಅಂದುಕೊಂಡು ಎಡಗಡೆಯದಕ್ಕೆ ಗರಗಸ ಇಟ್ಟೆ. ಎರಡು ಬೆರಳು ಇಳಿದಿತ್ತು, ಗರಗಸ ಹಿಡಿದುಕೊಂಡಿತು. ಎಳೆದರೆ ಬರಲ್ಲ, ತಳ್ಳಿದರೆ ಹೋಗಲ್ಲ. ಕೊಯ್ದ ಸೀಳು ನನ್ನ ಕಣ್ಣೆದುರೇ ಮುಚ್ಚಿಕೊಳ್ತಿತ್ತು.

ಬಿಟ್ಟಿ ನಿಂತ ಮರ ಹಾಗೆ ಗರಗಸ ಕಚ್ಚಲ್ಲ. ಮೇಲೆ ಭಾರ ಇದ್ದರೇನೇ ಕಚ್ಚೋದು.

ಹೆಂಡತಿಗೆ ಮೆಲ್ಲಗೆ, ಹೊರಗೆ ಹೋಗು, ಗ್ಯಾರೇಜಿನಿಂದ ಲಾರಿ ಜಾಕು ತಗೊಂಡು ಬಾ ಅಂದೆ. ಅವಳು ಓಡಿದಳು. ನಾನು ಗರಗಸದ ಹಿಡಿಯಿಂದ ಒಂದೊಂದೇ ಬೆರಳು ಬಿಡಿಸಿ, ಹುಟ್ಟಿದಾಗಿನಿಂದ ಮೊದಲ ಸಲ ಆ ಕಡೆ ಕತ್ತೆತ್ತಿದೆ. ಎರಡೂ ಕಂಬ ನೆಟ್ಟಗೆ ಹೋಗಿ ಐದನೆಯ ಜೋಡಿ ಮರವನ್ನ ಹೊತ್ತು ನಿಂತಿದ್ದವು. ಆ ಕಡೆಯ ಅಷ್ಟೂ ಚಾವಣಿ ಅವುಗಳ ಮೇಲೆ.

ಜಾಕು ಕೊಟ್ಟು, ಪಕ್ಕದಲ್ಲಿ ಆಸರೆಗೆ ಎರಡು ಮರ ನಿಲ್ಲಿಸಿ, ಗರಗಸ ಬಿಡಿಸಿಕೊಳ್ಳೋ ಹೊತ್ತಿಗೆ ಮಧ್ಯಾಹ್ನ. ಹೋದ ಜೀವ ಬಂದ ಹಾಗಾಯ್ತು. ನೆಲದ ಮೇಲೆ ಕೂತು ಇಬ್ಬರೂ ಸುಮ್ಮನೆ ನಕ್ಕೆವು, ಯಾಕೆ ಅಂತ ಕೇಳಿದರೆ ಗೊತ್ತಿಲ್ಲ. ಆಗಲೇ ಅವಳ ಕಣ್ಣಿಗೆ ಬಿದ್ದದ್ದು, ಗೂಡಿನ ಒಳಹಲಗೆಯ ಮೇಲೆ ಬಡಗಿಯ ಪೆನ್ಸಿಲ್ಲಿನ ಬರಹ. ಅವಳೇ ಗಟ್ಟಿಯಾಗಿ ಓದಿದಳು:

‘ಉದ್ದದ ಕೊಳವೆ ನಿಲ್ಲಲೆಂದು ಸಭೆಯ ಮಾತಿನಂತೆ ಐದನೆಯ ತೊಲೆಯನ್ನು ಕತ್ತರಿಸಿದೆ. ಭಾರವೆಲ್ಲ ಈ ಎರಡು ಕಂಬಗಳ ಮೇಲಿದೆ, ತೆಗೆಯಬಾರದು. ಕತ್ತರಿಸಿದ ತೊಲೆಯಿಂದ ಮುಂದಿನ ಬೆಂಚು ಮಾಡಿಕೊಟ್ಟಿದ್ದೇನೆ.’

ಕೊಳವೆ ಉದ್ದವಾದಷ್ಟೂ ಸ್ವರ ದಪ್ಪ. ಒಂದು ದಪ್ಪ ಸ್ವರಕ್ಕೋಸ್ಕರ ಚಾವಣಿಯ ತೊಲೆಯನ್ನೇ ಕತ್ತರಿಸು ಅನ್ನೋ ಜನ ನಮ್ಮವರು ಬಿಟ್ಟರೆ ಇನ್ಯಾರಿದ್ದಾರು? ಹಾಡಿಲ್ಲದಿದ್ದರೆ ಇವರಿಗೆ ಪ್ರಾರ್ಥನೆ ಗಂಟಲಲ್ಲಿ ಇಳಿಯಲ್ಲ. ನಾನು ಮುಂದಿನ ಬೆಂಚಿನ ಕೆಳಗೆ ಅಂಗಾತ ಮಲಗಿ ಟಾರ್ಚು ಹಾಕಿದೆ. ಟಪಾಲಣ್ಣ ಕೂರೋ ಜಾಗದ ನೇರಕ್ಕೆ, ಉಳಿಯಲ್ಲಿ ಹಾಕಿದ ಐದು ಗೀಟು. ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಅಲ್ಲೇ ಮಲಗಿ ಅತ್ತುಬಿಟ್ಟೆ.

ಸಂಜೆ ಅತ್ತೆ ಹತ್ತಿರ ಹೋಗಿ ತಪ್ಪಾಯ್ತು ಅಂದೆ. ಆರ್ಗನ್ನು ಎಲ್ಲಿಗೂ ಹೋಗಲ್ಲ ಅಂದೆ. ಅವರು, ಮೊದಲು ಕೈ ತೊಳ್ಕೊಂಡು ಊಟ ಮಾಡು ಅಂದರು.

ಭಾನುವಾರ ಪಾದ್ರಿಗಳು ಮುತ್ತಜ್ಜನ ಬರಹವನ್ನ ಸಭೆಯ ಮುಂದೆ ಓದಿದರು. ಎಲ್ಲರ ಕಣ್ಣೂ ಮುಂದಿನ ಬೆಂಚಿನ ಮೇಲೆ. ಟಪಾಲಣ್ಣ ಬೆಂಕಿ ಮುಟ್ಟಿದವರ ಹಾಗೆ ಎದ್ದು ನಿಂತರು. ಪಾಪ, ಬಗ್ಗಿ ಬೆಂಚಿನ ಹಲಗೆಯನ್ನ ಸವರಿ, ನನ್ನ ಕಡೆ ತಿರುಗಿದರು. ಇಷ್ಟು ವರ್ಷ ಈ ದಿನಕ್ಕಂತ ನಾನು ಕೂಡಿಟ್ಟ ಮಾತು ಒಂದೂ ನಾಲಿಗೆಗೆ ಬರಲಿಲ್ಲ.

‘ಕೂತ್ಕೊಳ್ಳಿ ಅಣ್ಣಾ,’ ಅಂದೆ. ‘ಇಷ್ಟು ವರ್ಷ ನಿಮ್ಮನ್ನ ಹೊತ್ತಿದೆ, ಇನ್ನೂ ಹೊರುತ್ತೆ.’

ಅವರು ಮೆಲ್ಲಗೆ ಕೂತು, ಪಕ್ಕಕ್ಕೆ ಸರಿದು, ನನಗೂ ಜಾಗ ಬಿಟ್ಟರು.